ಬೈಯಲು ಬರುವ ಭಾಷೆ

‘ಸ್ಥೈರ್ಯ’ ಅನ್ನುವುದಕ್ಕೆ ಮನೆಮಾತಿನಲ್ಲಿ ಏನಂತಾರೆ ಎಂದು ಅಮ್ಮನನ್ನು ಕೇಳಿದ್ದೇ ತಪ್ಪಾಯಿತು. ಒಲೆಯ ಮೇಲಿಂದ ಪಾತ್ರೆ ಇಳಿಸುತ್ತಿದ್ದ ಅಮ್ಮ ಅಲ್ಲೇ ನಿಂತು, ಮಗಳಿಗೆ ಜ್ವರ ಬಂದಿದೆಯೋ ಎಂದು ನೋಡುವವಳ ಹಾಗೆ ನೋಡಿ, "ಅದೇನದು?" ಅಂದಳು.

"ಅಂದ್ರೆ ಕಷ್ಟ ಬಂದಾಗ ಕುಗ್ಗದೆ ಇರೋದು."

"ಕಷ್ಟ ಯಾರಿಗೆ ಬಂತು ಈಗ?"

"ಯಾರಿಗೂ ಇಲ್ಲಮ್ಮ. ಒಂದು ಪದ ಬೇಕು ಅಷ್ಟೆ."

"ನಮ್ಮಲ್ಲಿ ಹಾಗೆಲ್ಲ ಅನ್ನಲ್ಲ. ಎದ್ದು ಮುಖ ತೊಳ್ಕೋ ಅಂತೀವಿ."

"ಸರಿ. ಭರವಸೆಗೆ?"

"ನೋಡೋಣ ಅಂತೀವಿ."

"ಉಜ್ವಲ ಭವಿಷ್ಯ?"

"ಬೆಳಿಗ್ಗೆ ಬೆಳಿಗ್ಗೆ ನನ್ನ ತಲೆ ತಿನ್ನಬೇಡ ಕಣೇ."

ಮಗಳು ತಾನು ಕೆಲಸ ಮಾಡುವ ಕನ್ನಡಕದಂಗಡಿಯ ಯಜಮಾನರ ಭಾಷಣದ ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿದಳು. ಪಾತ್ರೆ ಇಳಿಸುವಾಗ ಅಮ್ಮ ತೋಳು ಮೇಲೆ ಸರಿಸಿಕೊಂಡದ್ದು ಆಗ ಕಣ್ಣಿಗೆ ಬಿತ್ತು. ಅಮ್ಮ ಬೂದು ಸ್ವೆಟರ್ ಹಾಕಿಕೊಂಡಿದ್ದಳು. ಬ್ಯಾಂಕಿಗೋ ಆಸ್ಪತ್ರೆಗೋ ಹೋಗುವಾಗ ಮಾತ್ರ ಟ್ರಂಕಿನಿಂದ ಹೊರಗೆ ಬರುವಂಥದ್ದು. ತಲೆಯನ್ನೂ ಬಾಚಿಕೊಂಡಾಗಿತ್ತು. ಎಲ್ಲಿಗೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಕೇಳಿದರೆ ಅಮ್ಮ ಎಲ್ಲಿಗೂ ಇಲ್ಲ ಅನ್ನುತ್ತಿದ್ದಳು, ಆಮೇಲೆ ಆ ‘ಎಲ್ಲಿಗೂ ಇಲ್ಲ’ ಎಂಬುದನ್ನು ಇಬ್ಬರೂ ನಡುವೆ ಇಟ್ಟುಕೊಂಡು ಕೂರಬೇಕಾಗಿತ್ತು. "ಚಳಿ ಅಂತ ಹಾಕ್ಕೊಂಡೆ," ಎಂದು ಅಮ್ಮ ಕೇಳದಿದ್ದರೂ ಹೇಳಿದಳು. ಕಿಟಕಿಯ ಹೊರಗೆ ಬಿಸಿಲು ಚೆನ್ನಾಗಿಯೇ ಬಿದ್ದಿತ್ತು.

ಬಸ್ಸಿನ ಕಂಬಿ ಹಿಡಿದು ನಿಂತಾಗ ಅವಳಿಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬರುತ್ತಿತ್ತು. ಮುಂದಿನ ಸೀಟಿನವನ ಕುತ್ತಿಗೆಯ ಮೇಲೆ, ಬಾಗಿಲಲ್ಲೇ ನಿಂತು ಯಾರಿಗೂ ದಾರಿ ಬಿಡದ ದಪ್ಪ ಚೀಲದ ಹೆಂಗಸಿನ ಮೇಲೆ, ಸ್ಥೈರ್ಯ ಎಂಬ ಪದದ ಮೇಲೆ. ಎಲ್ಲ ಶುರುವಾದದ್ದು ಅಮ್ಮನಿಂದಲೇ. ಕನ್ನಡಕದ ಕಾಲು ಮುರಿದುಹೋಯಿತೆಂದು ಹೋದ ತಿಂಗಳು ಅಮ್ಮ ನೆಟ್ಟಗೆ ಅಂಗಡಿಗೆ ಬಂದಿದ್ದಳು. ಒಳಗಿನ ಕತ್ತಲೆ ಕೋಣೆಯಲ್ಲಿ ಅವಳು ಒಬ್ಬ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಾಯಿಸುತ್ತ, "ಇದು ಸ್ಪಷ್ಟವಾ, ಇಲ್ಲ ಇದಾ?" ಎಂದು ಕೇಳುತ್ತಿದ್ದಳು. ವರ್ಷಗಟ್ಟಲೆ ಅದೇ ಪ್ರಶ್ನೆ, ತಪ್ಪು ಉತ್ತರ ಕೊಟ್ಟರೆ ನಪಾಸಾಗುತ್ತೇವೇನೋ ಎಂದು ಹೆದರುವ ಅದೇ ಮುಖಗಳು. ಅಷ್ಟರಲ್ಲಿ ಹೊರಗಿನಿಂದ ಅಮ್ಮನ ಗಂಟಲು ಕೇಳಿತು. ಅವಳು ಹೊರಗೆ ಬಂದದ್ದೇ ತಡ ಅಮ್ಮ ಎಲ್ಲರೆದುರು ಅವಳ ಕಾಲರ್ ಸರಿಮಾಡುತ್ತ ಮನೆಮಾತಿನಲ್ಲಿ, "ಕತ್ತೆ ವಯಸ್ಸಾಯ್ತು, ಬಟ್ಟೆ ಹಾಕ್ಕೊಳಕ್ಕೆ ಬರಲ್ಲ. ಈ ಬೋಳುತಲೆಯವನು ಸಂಬಳನಾದ್ರೂ ನೆಟ್ಟಗೆ ಕೊಡ್ತಾನೇನೇ?" ಎಂದಳು. ಗಲ್ಲಾದ ಹಿಂದಿದ್ದ ಯಜಮಾನರು ಕಣ್ಣರಳಿಸಿ, "ಎಷ್ಟು ಮಧುರವಾಗಿದೆ ಈ ಭಾಷೆ! ಯಾವುದಮ್ಮ ಇದು?" ಎಂದು ಕೇಳಿದರು.

ಅವಳು ಹೇಳಿದಳು. ಹೇಳಬಾರದಿತ್ತು. ಅಮ್ಮ ಮದುವೆಯಾಗಿ ಗಡಿ ದಾಟಿ ಈ ಊರಿಗೆ ಬಂದಾಗ ಆ ಕಡೆ ಗುಂಡಿನ ಸದ್ದಿರಲಿಲ್ಲ, ಡೇರೆಗಳಿರಲಿಲ್ಲ. ಆ ಭಾಷೆ ಅಂದರೆ ಅವರ ಮನೆಯ ನಾಲ್ಕು ಗೋಡೆ ಅಷ್ಟೇ ಆಗಿತ್ತು. ಅಪ್ಪ ಇರುವವರೆಗೂ ಅಪ್ಪನದು ಊರಮಾತು, ಅಮ್ಮನದು ಮನೆಮಾತು. ಅವಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅಮ್ಮ ಮನೆಮಾತಿನಲ್ಲಿ ಕೇಳುವುದು, ಅವಳು ಊರಮಾತಿನಲ್ಲಿ ಉತ್ತರಿಸುವುದು. ಎರಡು ದಡದಲ್ಲಿ ನಿಂತು ಕೂಗಾಡುವವರ ಹಾಗೆ ಇಷ್ಟು ವರ್ಷ ಸಂಸಾರ ಸಾಗಿತ್ತು. ಈಗ ವರ್ತಕರ ಸಂಘದ ಅಧ್ಯಕ್ಷರೂ ಆದ ಯಜಮಾನರಿಗೆ ದಾರಿಯಲ್ಲಿ ನಿಧಿ ಸಿಕ್ಕ ಹಾಗಾಯಿತು. ವರ್ಷದ ಕೊನೆಯ ರಜೆಗೆ ಸಂಘದವರು ನಿರಾಶ್ರಿತರ ಶಿಬಿರದ ಮಕ್ಕಳಿಗೆ ಉಡುಗೊರೆ ಕೊಡುವುದೆಂದು ನಿಶ್ಚಯವಾಗಿತ್ತು. ಆ ಮಕ್ಕಳದ್ದು ಇದೇ ಭಾಷೆ. "ನಮ್ಮ ಅಂಗಡೀಲೇ ಮನುಷ್ಯರಿದ್ದಾರಲ್ಲ! ನಾನು ನಾಲ್ಕು ಪ್ರೋತ್ಸಾಹದ ಮಾತಾಡ್ತೀನಿ, ನೀವು ಅವರ ಭಾಷೇಲಿ ಹೇಳಿ. ಬೇಕಾದ್ರೆ ತಾಯಿಯವರನ್ನೂ ಕರ್ಕೊಂಡು ಬನ್ನಿ."

"ಅಮ್ಮನಿಗೆ ಮಂಡಿನೋವು ಸರ್," ಎಂದಿದ್ದಳು ಅವಳು, ಅಮ್ಮ ಪಕ್ಕದಲ್ಲೇ ಇದ್ದರೂ, ಒಂದು ಕ್ಷಣವೂ ತಡಮಾಡದೆ.

ಅಂಗಡಿ ತಲುಪಿದಾಗ ಹಿಂದಿನ ಕೋಣೆಯಲ್ಲಿ ಪೊಟ್ಟಣ ಕಟ್ಟುವ ಕೆಲಸ ಮುಗಿಯುತ್ತ ಬಂದಿತ್ತು. ಪ್ರತಿ ಪೊಟ್ಟಣದಲ್ಲೂ ಬಿಳಿ ಕ್ಯಾನ್ವಾಸ್ ಶೂ, ಉಣ್ಣೆಯ ಟೋಪಿ, ಬಣ್ಣದ ಪೆನ್ಸಿಲ್, ಬಿಸ್ಕತ್ತು, ಜೊತೆಗೆ ಗಿರಾಕಿಗಳು ಬರೆದುಕೊಟ್ಟ ಶುಭಾಶಯದ ಕಾರ್ಡು. ಕಾರ್ಡುಗಳನ್ನು ಅವಳು ಓದಬಾರದಿತ್ತು, ಓದಿದಳು. ‘ಬಿರುಗಾಳಿಯ ಆಚೆ ಕಾಮನಬಿಲ್ಲಿದೆ.’ ‘ನಗುನಗುತ್ತಾ ಇರಿ!’ ‘ಚಿಂತಿಸದಿರಿ, ಆಗುವುದೆಲ್ಲ ಒಳ್ಳೆಯದಕ್ಕೇ.’ ಈ ಕೊನೆಯದನ್ನು ಬರೆದವರು ಎರಡು ಕಣ್ಣಿಗೂ ದಪ್ಪ ಗಾಜು ಹಾಕಿಸಿಕೊಂಡ ನಿವೃತ್ತ ವಕೀಲರು. ಚೌಕಟ್ಟಿನ ಬಣ್ಣ ಒಂದಿಷ್ಟು ಆಚೀಚೆ ಆಗಿದ್ದಕ್ಕೆ ವಾರಗಟ್ಟಲೆ ಬಂದು ಜಗಳ ಕಾದವರು. ಆಗ ಅವರಿಗೆ ಅದು ಒಳ್ಳೆಯದಕ್ಕೇ ಅನ್ನಿಸಿರಲಿಲ್ಲ. ಎಲ್ಲವೂ ಊರಮಾತಿನಲ್ಲಿ, ಆ ಮಕ್ಕಳು ಅದನ್ನು ಓದುವುದೂ ಇಲ್ಲ, ಅದೇ ಪುಣ್ಯ. ಅವಳ ಕಾರ್ಡು ಎಲ್ಲಿ ಎಂದು ಲೆಕ್ಕಪತ್ರ ನೋಡುವಾಕೆ ಕೇಳಿದಳು. ತನ್ನದು ಬಾಯಿಮಾತಿನ ಸೇವೆ ಎಂದು ಹೇಳಿ ಅವಳು ಜಾರಿಕೊಂಡಳು. ಹಾಗೆ ಹೇಳುವಾಗ ತನ್ನ ಬಾಯಿಯೊಳಗೆ ಏನೇನಿದೆ ಎಂದು ತಡಕಿ ನೋಡಿಕೊಂಡಳು. ಬಾ, ಹೋಗು, ತಿನ್ನು, ಮಲಗು, ಮೂಗು ಒರೆಸ್ಕೋ, ನೀರು ಚೆಲ್ಲಬೇಡ, ಎಲ್ಲಿ ಹಾಳಾಗಿ ಹೋಗಿದ್ದೆ. ಡ್ರಾಯರ್ ತೆಗೆದರೆ ಬರೀ ಸ್ಕ್ರೂಗಳೇ ಇರುವ ಹಾಗೆ. ಅಮ್ಮ ಅವಳೊಡನೆ ಇನ್ನೇನನ್ನೂ ಆ ಭಾಷೆಯಲ್ಲಿ ಮಾತಾಡಿಯೇ ಇರಲಿಲ್ಲವೋ, ಮಾತಾಡಿದ್ದನ್ನು ಇವಳು ಕೇಳಿಸಿಕೊಂಡೇ ಇರಲಿಲ್ಲವೋ.

ವ್ಯಾನಿನಲ್ಲಿ ಯಜಮಾನರು ಭಾಷಣವನ್ನು ಮತ್ತೆ ಮತ್ತೆ ಓದಿಕೊಂಡರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಹಗುರಾಗಬಹುದಿತ್ತು. ಈ ಮನುಷ್ಯ ನಿನ್ನೆ ಸಂಜೆಯೆಲ್ಲ ಕೂತು ಶೂಗಳಿಗೆ ತಾನೇ ಲೇಸು ಪೋಣಿಸಿದ್ದ. "‘ಪುಟಕ್ಕಿಟ್ಟ ಚಿನ್ನ’ ಅನ್ನೋದನ್ನ ಮಾತ್ರ ಬಿಡಬೇಡಿ, ಅದೇ ಭಾಷಣದ ಜೀವಾಳ," ಎಂದರು. ಅವಳು ತಲೆಯಾಡಿಸಿದಳು. ಪುಟಕ್ಕೆ ಮನೆಮಾತಿನಲ್ಲಿ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮನನ್ನು ಕೂಡಿಸಿಕೊಂಡು ಬಂದಿದ್ದರೆ, ಪಕ್ಕದ ಸೀಟಿನಲ್ಲಿ ಆ ಬೂದು ಸ್ವೆಟರ್ ಇದ್ದಿದ್ದರೆ, ಈ ಹೊತ್ತಿಗೆ ಯಜಮಾನರ ತಲೆಯ ಬಗ್ಗೆ, ಚಾಲಕನ ಓಡಿಸುವ ಚಂದದ ಬಗ್ಗೆ ಏನೇನು ಕೇಳಬೇಕಾಗುತ್ತಿತ್ತೋ. ಬರದಿದ್ದುದೇ ಒಳ್ಳೆಯದಾಯಿತು. ಒಳ್ಳೆಯದಾಯಿತು ಎಂದು ಎರಡನೆಯ ಸಲ ಅಂದುಕೊಂಡಾಗ ಅದು ವಕೀಲರ ಕಾರ್ಡಿನ ಹಾಗೆ ಕೇಳಿಸಿತು.

ಶಿಬಿರ ಅಂದರೆ ಹಳೆಯ ಬಸ್ ರಿಪೇರಿ ಶೆಡ್ಡು. ನೆಲದಲ್ಲಿ ಬಸ್ಸು ನಿಲ್ಲಿಸುವ ಹಳದಿ ಗೆರೆಗಳು ಇನ್ನೂ ಇದ್ದವು. ಗೆರೆಗೊಂದು ಸಂಸಾರ, ನಡುವೆ ಕಂಬಳಿಯ ಗೋಡೆ. ಎಷ್ಟು ತೊಳೆದರೂ ಹೋಗದ ಎಣ್ಣೆಯ ಜಿಡ್ಡಿನ ವಾಸನೆ. ಅವರನ್ನು ಎದುರುಗೊಂಡ ಮೇಲ್ವಿಚಾರಕಿ ದಣಿದ, ನೇರ ಮಾತಿನ ಹೆಂಗಸು, ಕುತ್ತಿಗೆಯಲ್ಲಿ ಸೀಟಿ. ಕೊನೆಯ ಮೂಲೆಗೆ ಕರೆದುಕೊಂಡು ಹೋಗುತ್ತ, "ಈ ಕಡೆಯವರೆಲ್ಲ ಒಂಟಿಯಾಗಿ ಬಂದ ಮಕ್ಕಳು. ಜೊತೆಗೆ ದೊಡ್ಡವರು ಯಾರೂ ಇಲ್ಲ," ಎಂದಳು. "ನಮಗೆ ಇವರ ಭಾಷೆ ಬರಲ್ಲ. ಸೀಟೀಲೇ ನಡೆಯುತ್ತೆ. ಒಂದು ಊದಿದ್ರೆ ಸಾಲು, ಎರಡು ಊದಿದ್ರೆ ಊಟ. ಪಾಪ, ತುಂಬಾ ಶಿಸ್ತು."

ಒಂದು ಊದಿದಳು. ಮಕ್ಕಳು ಸಾಲಾಗಿ ನಿಂತರು. ಶಿಸ್ತು ಕಂಡು ಯಜಮಾನರ ಕಣ್ಣು ತುಂಬಿತು. ಮಕ್ಕಳು ತಮಗೆ ಕಲಿಸಿದ್ದ ಧನ್ಯವಾದವನ್ನು ಊರಮಾತಿನಲ್ಲಿ, ಎಲ್ಲಿ ಉಸಿರು ತೆಗೆಯಬೇಕೆಂದು ಗೊತ್ತಿಲ್ಲದೆ, ಪದಗಳ ನಟ್ಟನಡುವೆ ನಿಂತು ನಿಂತು ಒಪ್ಪಿಸಿದರು. ಪೊಟ್ಟಣ ಹಂಚಿದ್ದಾಯಿತು. ಮಕ್ಕಳು ಬಿಚ್ಚಿ ಶೂ ಹಾಕಿಕೊಂಡರು. ಅವಳು ಅವರ ಮುಖ ನೋಡದೆ ಶೂ ಮಾತ್ರ ನೋಡುತ್ತಿದ್ದಳು. ಎಲ್ಲ ಒಂದೇ ಬಿಳಿ, ಒಂದೇ ಗಂಟು. ಯಜಮಾನರು ಗಂಟಲು ಸರಿಮಾಡಿಕೊಂಡರು.

"ಪ್ರೀತಿಯ ಪುಟಾಣಿಗಳೇ, ನೀವು ಒಂಟಿಯಲ್ಲ."

ಇಷ್ಟು ಜನರೆದುರು ಆ ಭಾಷೆಯನ್ನು ಅವಳು ಎಂದೂ ಬಾಯಿಬಿಟ್ಟು ಆಡಿರಲಿಲ್ಲ. ಒಳಬಟ್ಟೆಯಲ್ಲಿ ಬೀದಿಗೆ ಬಂದ ಹಾಗಾಯಿತು. "ಮಕ್ಕಳೇ," ಎಂದಳು, "ನೀವು ಒಬ್ಬೊಬ್ರೇ ಇಲ್ಲ. ತುಂಬಾ ಜನ ಇದೀರಿ."

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಅದು ಅವರಿಗೆ ಗೊತ್ತಿದ್ದದ್ದೇ.

"ಕಷ್ಟ ಎಂಬ ಬೆಂಕಿಯಲ್ಲಿ ಬೆಂದ ನೀವು ಪುಟಕ್ಕಿಟ್ಟ ಚಿನ್ನದಂತೆ ಹೊಳೆಯುವಿರಿ!"

ಬೆಂಕಿಗೆ ಅವಳಿಗೆ ಗೊತ್ತಿದ್ದದ್ದು ಒಲೆ. ಚಿನ್ನಕ್ಕೆ ಅಮ್ಮನ ಬಳೆ. "ನಿಮ್ಮನ್ನ ಒಲೆಗೆ ಹಾಕಿದ್ರೆ," ಎಂದು ಶುರುಮಾಡಿ ಅಲ್ಲೇ ತಡೆದಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು. "ಒಲೆಗೆ ಹಾಕಿದ್ರೆ... ಬಳೆ ಆಗ್ತೀರಿ." ಮುಂದಿನ ಸಾಲಿನ ಪುಟ್ಟದೊಂದು ತುಟಿ ನಡುಗಿಸಿ ಅಳಲು ಶುರುಮಾಡಿತು. ಮಗು ಭಾವುಕವಾಗಿದೆ ಎಂದುಕೊಂಡ ಯಜಮಾನರು ಇನ್ನಷ್ಟು ಹುರುಪಿನಿಂದ, "ಕನಸುಗಳನ್ನು ಎಂದಿಗೂ ಬಿಡಬೇಡಿ!" ಎಂದರು.

ಕನಸು. ಆ ಪದ ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಚೀರಿಕೊಂಡು ಎದ್ದು ಕೂತಾಗ ಅಮ್ಮ ಬೆನ್ನು ತಟ್ಟುತ್ತ, ನಿದ್ದೆಗಣ್ಣಿನ ಸಿಡುಕಿನಲ್ಲಿ, "ಕನಸು ಬಿತ್ತಾ? ಮಗ್ಗುಲು ತಿರುಗಿ ಮಲ್ಕೋ," ಅನ್ನುತ್ತಿದ್ದಳು. ಮನೆಮಾತಿನ ಕನಸು ಯಾವಾಗಲೂ ಬೀಳುವಂಥದ್ದು, ಹಿಡಿದುಕೊಳ್ಳುವಂಥದ್ದಲ್ಲ. ಬೇರೆ ದಾರಿ ಕಾಣದೆ ಅದನ್ನೇ ಹೇಳಿದಳು: "ಕನಸು ಬೀಳೋದು ನಿಲ್ಲಬಾರದು." ಟೋಪಿಯನ್ನು ಕಣ್ಣಿನವರೆಗೂ ಎಳೆದುಕೊಂಡಿದ್ದ ಒಬ್ಬ, ತರಗತಿಯಲ್ಲಿ ಉತ್ತರ ಹೇಳುವವನ ಹಾಗೆ, "ನಂಗೆ ದಿನಾ ಬೀಳುತ್ತೆ," ಎಂದ. "ನಂಗೂ," ಎಂದಿತು ಇನ್ನೊಂದು ಧ್ವನಿ.

"ಏನಂತಾರೆ?" ಯಜಮಾನರು ಆಸೆಯಿಂದ ಕೇಳಿದರು.

"ಕನಸು ಬಿಟ್ಟಿಲ್ವಂತೆ ಸರ್."

"ನೋಡಿದ್ರಾ! ನೋಡಿದ್ರಾ!"

ಎಲ್ಲ ಬಿಟ್ಟು ಹೊರಗೆ ಓಡಿಹೋಗಬೇಕು ಅನ್ನಿಸುತ್ತಿದ್ದಾಗಲೇ ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗ ಪಕ್ಕದವನನ್ನು ಮೊಣಕೈಯಿಂದ ತಿವಿದ. ಆ ಪಕ್ಕದವನು ಮುಗ್ಗರಿಸಿದ. ಅವಳು ಯೋಚಿಸಲಿಲ್ಲ. ಬೆಳಗಿನಿಂದ ತಡೆದುಕೊಂಡ ಸಿಡುಕೆಲ್ಲ ತಾನೇ ಹಳ್ಳ ಹುಡುಕಿಕೊಂಡು ಹರಿಯಿತು. "ಏಯ್! ಕೈ ಸೇದಿಹೋಗ ನಿಂದು! ಯಾಕೋ ಅವನನ್ನ ತಳ್ತೀಯಾ? ಮೈಯಲ್ಲಿ ಕೋತಿ ಹೊಕ್ಕಿದೆಯೇನೋ? ಬಂದೆ ಅಂದ್ರೆ ಕಿವಿ ಕಿತ್ತು ಕೈಗೆ ಕೊಡ್ತೀನಿ!"

ಅದು ಅಮ್ಮನ ಮಾತು, ಅಮ್ಮನ ಏರಿಳಿತ, ಕೊನೆಯಲ್ಲಿ ಉಸಿರು ಸಾಲದೆ ಒಡೆಯುವ ಅಮ್ಮನ ಗಂಟಲು. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಅಳುತ್ತಿದ್ದ ಪುಟ್ಟದೂ ಬಾಯಿ ಮುಚ್ಚಿತು. ಇಷ್ಟು ಹೊತ್ತು ಎಲ್ಲೋ ನೋಡುತ್ತಿದ್ದ ಕಣ್ಣುಗಳೆಲ್ಲ ಅವಳ ಮೇಲೆ ಬಂದು ನಿಂತವು, ಅವಳ ಕತ್ತಲೆ ಕೋಣೆಯಲ್ಲಿ ಸರಿಯಾದ ಗಾಜು ಬಿದ್ದ ಕ್ಷಣ ಗಿರಾಕಿಯ ಕಣ್ಣು ನಿಲ್ಲುವ ಹಾಗೆ. ಕೆಲಸ ಕೆಟ್ಟಿತು ಎಂದು ಅವಳು ಅಂದುಕೊಂಡಳು. ನಾಳೆ ಯಜಮಾನರ ಮುಖ ಹೇಗೆ ನೋಡುವುದು. ತಿವಿದ ಹುಡುಗ ತಲೆ ತಗ್ಗಿಸಿದ. ತಗ್ಗಿಸಿಕೊಂಡೇ ನಗುತ್ತಿದ್ದ. ಆಮೇಲೆ, ಅವಳು ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಬೇಕೆಂದೇ, ಮೆಲ್ಲಗೆ, ಪಕ್ಕದವನನ್ನು ಇನ್ನೊಮ್ಮೆ ತಿವಿದ.

"ಹೇಳಿದ್ದು ಕೇಳಿಸಲಿಲ್ವೇನೋ ಹೆಗ್ಗಣ?"

ಎಲ್ಲರೂ ಗೊಳ್ಳೆಂದರು. ಸಾಲು ಅಲ್ಲಿಗೆ ಮುರಿಯಿತು. ಒಬ್ಬಳು ಹೊಸ ಟೋಪಿಯಿಂದಲೇ ಮೂಗು ಒರೆಸಿ ಅವಳತ್ತ ನೋಡಿದಳು. "ಥೂ, ಹೇಸಿಗೆ! ಟೋಪಿ ಇರೋದು ತಲೆಗೆ!" ಒಬ್ಬ ಬಿಸ್ಕತ್ತನ್ನೆಲ್ಲ ಒಂದೇ ಸಲ ಬಾಯಿಗೆ ತುರುಕಿದ. "ಗಂಟಲಿಗೆ ಸಿಕ್ಕಿ ಸಾಯ್ತೀಯ, ಅಗಿದು ತಿನ್ನು!" ಮೂವರು ಓಡಿಹೋಗಿ ನಲ್ಲಿಯ ಬಳಿಯ ಕೆಸರಿಗೆ ಬಿಳಿ ಶೂ ಸಮೇತ ಹಾರಿದರು, ಹಾರಿದವರು ಕೆಳಗೆ ನೋಡಲಿಲ್ಲ, ಇವಳನ್ನೇ ನೋಡಿದರು. "ಅಯ್ಯಯ್ಯೋ, ಕಾಲು ಮುರೀತೀನಿ! ಅದನ್ನ ಯಾರು ಒಗೀತಾರೆ? ನಿಮ್ಮಜ್ಜಿ ಬರ್ತಾಳಾ?" ಆ ‘ನಿಮ್ಮಜ್ಜಿ’ ಬಾಯಿಂದ ಜಾರಿದ್ದೇ ಅವಳು ನಾಲಗೆ ಕಚ್ಚಿಕೊಂಡಳು. ಆದರೆ ಮಕ್ಕಳಿಗೆ ಅದೂ ಬೇಕಿತ್ತು. ಅವರಲ್ಲೊಬ್ಬ, "ಬರ್ತಾಳೆ! ಬರ್ತಾಳೆ!" ಎಂದು ಕುಣಿದ. ಮೇಲ್ವಿಚಾರಕಿ ಸೀಟಿ ಊದಿದಳು, ಮತ್ತೆ ಊದಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಯಜಮಾನರು ಹಾಳೆ ಹಿಡಿದುಕೊಂಡೇ, "ಹೊಸ ಶೂ! ಏನಮ್ಮ, ಏನು ಹೇಳ್ತಿದೀರಿ ಅವರಿಗೆ?" ಎಂದು ಅವಳ ಹಿಂದೆ ಹಿಂದೆ ಬಂದರು.

"ನಿಮ್ಮ ಭಾಷಣದ್ದೇ ಸರ್, ಮಿಕ್ಕಿದ್ದು."

ಎಷ್ಟು ಹೊತ್ತು ಬೈದಳೋ. ಗಂಟಲು ಬಿದ್ದುಹೋಯಿತು. ಬಾಲ್ಯವಿಡೀ ಕಿವಿ ಮುಚ್ಚಿಕೊಂಡು ಕೇಳಿದ್ದೆಲ್ಲ ಒಂದೂ ಬಿಡದೆ ಒಳಗೆ ಜೋಡಿಸಿಟ್ಟಂತಿತ್ತು. ಬೈಯುತ್ತ ಬೈಯುತ್ತ ಅವಳಿಗೆ ಮೊದಲ ಬಾರಿಗೆ ತಿಳಿದದ್ದು, ಈ ಮಾತುಗಳನ್ನು ಆಡುವಾಗ ಕೈ ತಾನಾಗಿಯೇ ಏನನ್ನೋ ಸರಿಮಾಡುತ್ತಿರುತ್ತದೆ ಎಂಬುದು: ಟೋಪಿ ಎಳೆಯುತ್ತದೆ, ಲೇಸು ಕಟ್ಟುತ್ತದೆ, ಕೆನ್ನೆಯ ಬಿಸ್ಕತ್ತಿನ ಪುಡಿ ಒರೆಸುತ್ತದೆ. ಕೈ ಖಾಲಿ ಇದ್ದರೆ ಆ ಮಾತು ಹೊರಡುವುದೇ ಇಲ್ಲ. ಅಂಗಡಿಯಲ್ಲಿ ಆ ದಿನ ಅಮ್ಮ ಕಾಲರ್ ಹಿಡಿದಿದ್ದಳು, ಇವಳು ಆ ಕೈಯನ್ನು ಕೊಡವಿದ್ದಳು.

ಜಡೆ ಅರ್ಧ ಬಿಚ್ಚಿಹೋಗಿದ್ದ ಒಬ್ಬ ಹುಡುಗಿ ಮಾತ್ರ ಯಾವ ತುಂಟತನವನ್ನೂ ಮಾಡದೆ ಕಂಬಕ್ಕೆ ಒರಗಿ ನಿಂತಿದ್ದಳು. ಎಂಟೋ ಒಂಬತ್ತೋ ವಯಸ್ಸು. ಅವಳ ಮುಂದೆ ಹೋಗಿ, "ಇದೇನೇ ತಲೆ, ಗುಬ್ಬಚ್ಚಿ ಗೂಡು? ತಿರುಗು ಈ ಕಡೆ," ಎಂದು ಜಡೆ ಹಿಡಿದಳು. ಹುಡುಗಿ ತಿರುಗಿ ನಿಂತು ತಲೆ ಕೊಟ್ಟಳು, ಆದರೆ ತನಿಖೆ ಮಾಡುವವಳ ಹಾಗೆ ಕೇಳತೊಡಗಿದಳು.

"ಅಕ್ಕಾ, ನೀನು ಯಾರ ಮನೆಯವಳು?"

"ನಮ್ಮಮ್ಮನ ಮನೆಯವಳು."

"ನಿಮ್ಮಮ್ಮ ಇದಾಳಾ?"

"ಇದಾಳೆ."

"ಎಲ್ಲಿ?"

"ಮನೇಲಿ."

"ಈ ಮಾತು ಬರುತ್ತಾ ಅವಳಿಗೆ?"

"ಅವಳಿಂದಾನೇ ನಂಗೆ ಬಂದಿದ್ದು."

ಹುಡುಗಿ ಜಡೆಯನ್ನು ಕೈಯಿಂದ ಬಿಡಿಸಿಕೊಂಡು ತಿರುಗಿದಳು. ಸೊಂಟದ ಮೇಲೆ ಕೈಯಿಟ್ಟಳು. ಆ ನಿಲುವು ಅವಳದ್ದಲ್ಲ, ಯಾರೋ ದೊಡ್ಡ ಹೆಂಗಸಿನದು. ಈಗ ಇಲ್ಲದ ಯಾರದೋ. "ಬುದ್ಧಿ ಇದೆಯೇನೇ ನಿಂಗೆ?" ಎಂದಳು. "ಇರೋ ಅಮ್ಮನ್ನ ಮನೇಲಿ ಬಿಟ್ಟು ಒಬ್ಬಳೇ ಬರ್ತಾರಾ? ತಲೇಲಿ ಏನು ಮಣ್ಣು ತುಂಬಿದೆಯಾ? ಇಷ್ಟುದ್ದ ಬೆಳೆದಿದೀಯ, ನಾಚಿಕೆ ಆಗಬೇಕು!"

ಸುತ್ತಲಿನ ಮಕ್ಕಳು ಚಪ್ಪಾಳೆ ತಟ್ಟಿ ನಕ್ಕರು. ಅವಳೂ ನಗಲು ನೋಡಿದಳು, ಆಗಲಿಲ್ಲ. ಉತ್ತರ ಕೊಡಬೇಕೆಂದು ಬಾಯಿ ತೆರೆದರೆ ಊರಮಾತೂ ಬರಲಿಲ್ಲ, ಮನೆಮಾತೂ ಬರಲಿಲ್ಲ. ಬೈಸಿಕೊಳ್ಳುವಾಗ ಏನು ಹೇಳಬೇಕೆಂದು ಅವಳು ಕಲಿತೇ ಇರಲಿಲ್ಲ. ಕೊಡವಿಕೊಂಡು ಹೋಗುವುದನ್ನಷ್ಟೇ ಕಲಿತಿದ್ದಳು. ತಲೆ ತಗ್ಗಿಸಿ ನಿಂತಳು. ಹುಡುಗಿ ಸಮಾಧಾನವಾದವಳಂತೆ ತಿರುಗಿ ಬೆನ್ನು ಕೊಟ್ಟು, "ಹ್ಞೂ, ಹಾಕು," ಎಂದಳು. ಅವಳು ಜಡೆ ಹೆಣೆದು ಮುಗಿಸಿದಳು. ಅದು ವಕ್ರವಾಯಿತು.

ಹೊರಡುವ ಹೊತ್ತಾಯಿತು. ಶೂಗಳ ಗತಿ ನೋಡಿ ನೊಂದಿದ್ದರೂ ಯಜಮಾನರು ದೊಡ್ಡ ಮನಸ್ಸಿನವರು. ವ್ಯಾನಿನ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತ, "ಕೊನೇದಾಗಿ ಇದೊಂದು ಹೇಳಿಬಿಡಿ," ಎಂದರು. "ಮುಂದಿನ ವರ್ಷ ರಜೆಗೂ ತಪ್ಪದೆ ಬರ್ತೀವಿ, ಇವರೆಲ್ಲರನ್ನೂ ಇಲ್ಲೇ ನೋಡ್ತೀವಿ ಅಂತ. ಮಕ್ಕಳಿಗೆ ಒಂದು ಭರವಸೆ ಇರಲಿ."

ಮುಂದಿನ ವರ್ಷ. ಇಲ್ಲೇ. ಬರ್ತೀವಿ, ನೋಡ್ತೀವಿ. ಇಡೀ ಭಾಷಣದಲ್ಲಿ ಒಂದೊಂದು ಪದವೂ ಅವಳಿಗೆ ಗೊತ್ತಿದ್ದ ವಾಕ್ಯ ಇದೊಂದೇ. ಮಕ್ಕಳು ಏನು ಎಂಬಂತೆ ಅವಳ ಬಾಯಿ ನೋಡುತ್ತಿದ್ದರು. ಹಳದಿ ಗೆರೆಗಳ ನಡುವೆ ಕೆಸರು ಶೂಗಳ ಹೆಜ್ಜೆ ಎಲ್ಲೆಂದರಲ್ಲಿ ಬಿದ್ದಿತ್ತು.

"ಹೇಳಲ್ಲ ಸರ್."

"ಏನು? ಆ ಪದ ಬರಲ್ವಾ?"

"ಬರುತ್ತೆ."

ಯಜಮಾನರು ಅವಳನ್ನು ನೋಡಿದರು. ಶೆಡ್ಡಿನ ಕಡೆ ನೋಡಿ, ಬೀಸುತ್ತಿದ್ದ ಕೈಯನ್ನು ಇಳಿಸಿದರು. ಕಿವಿ ಕೆಂಪಾಯಿತು. ಒಳಗೆ ಹೋಗಿ ಕೂತರು. ಅವಳು ಹತ್ತಿ ಬಾಗಿಲು ಎಳೆದುಕೊಂಡಳು. ಚಾಲಕ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ವಕ್ರ ಜಡೆಯ ಹುಡುಗಿ ಗುಂಪಿನಿಂದ ಬಿಡಿಸಿಕೊಂಡು ಓಡಿಬಂದು, ವ್ಯಾನಿನ ತಗಡನ್ನು ಅಂಗೈಯಿಂದ ಪಟಪಟ ಬಡಿದು, ಕಿಟಕಿಗೆ ಮುಖವೆತ್ತಿ ಗಟ್ಟಿಯಾಗಿ ಏನೋ ಕೂಗಿದಳು. ಹುಬ್ಬು ಗಂಟಿಕ್ಕಿತ್ತು, ಧ್ವನಿಯಲ್ಲಿ ಸಿಡುಕಿತ್ತು.

"ಏನಂತೆ?" ಯಜಮಾನರು ಮೆಲ್ಲಗೆ ಕೇಳಿದರು. "ಥ್ಯಾಂಕ್ಸ್ ಹೇಳ್ತಿದಾಳಾ?"

"ಇಲ್ಲ ಸರ್." ಈ ಸಲ ಅವಳು ಪದ ಹುಡುಕಲಿಲ್ಲ. "ಕತ್ತಲಾಗೋದ್ರೊಳಗೆ ಹೋಗಿ ಅಂತಿದಾಳೆ. ದಾರೀಲಿ ಎಲ್ಲೂ ನಿಲ್ಲಬೇಡಿ, ನೆಟ್ಟಗೆ ಮನೆಗೆ ಹೋಗಿ ಅಂತ."

"ಅಷ್ಟೇನಾ?"

"ಅಷ್ಟೇ ಸರ್."